ಕಪಾಟಿನೊಳಗಿನ ವೈಫೈ

ನಾನು ಒಂದು ವೈಫೈ ರೂಟರ್. ಬಣ್ಣ ಬಿಳಿ, ಮೈ ಚಪ್ಪಟೆ, ಬೆನ್ನಿಗೆ ಎರಡು ಆಂಟೆನಾ. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ನನ್ನ ಜನನವಾಯಿತು. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಸ್ಕ್ರೂ ಬಿಗಿದು, ಸದ್ದಿಲ್ಲದ ಕೋಣೆಯಲ್ಲಿಟ್ಟು ಪರೀಕ್ಷಿಸಿದಳು. ಅಲ್ಲಿ ನನ್ನೊಡನೆ ಮಾತಾಡಿದ್ದು ಒಂದೇ ಒಂದು ಯಂತ್ರ. ಅದು ಕೇಳಿತು, ನಾನು ಕೊಟ್ಟೆ. ಲೋಕವೆಂದರೆ ಇಷ್ಟೇ ಇರಬೇಕು ಅಂದುಕೊಂಡೆ.

ಗದಗಿನ ಮಹಿಳಾ ಹಾಸ್ಟೆಲಿಗೆ ಬಂದ ಮೊದಲ ಸಂಜೆಯೇ ಆ ಭ್ರಮೆ ಹರಿಯಿತು. ಊಟದ ಹಾಲಿನ ಗೋಡೆಗೆ ನನ್ನನ್ನು ತೂಗುಹಾಕಿದ್ದೇ ತಡ, ಇಡೀ ಕಟ್ಟಡದ ಫೋನುಗಳು ನನ್ನ ಮೇಲೆ ಮುಗಿಬಿದ್ದವು. ನನಗಿರುವುದು ಒಂದೇ ಬಾಯಿ. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಉತ್ತರ ಕೊಡಬಲ್ಲೆ. ಇಬ್ಬರು ಒಟ್ಟಿಗೆ ಕೂಗಿದರೆ ಇಬ್ಬರ ಮಾತೂ ಗಾಳಿಯಲ್ಲೇ ಒಡೆದು ಹೋಗುತ್ತದೆ. ಇಬ್ಬರೂ ತುಸು ತಡೆದು ಮತ್ತೆ ಹೇಳಬೇಕು. ಆದರೂ ಹೇಗೋ ಸುಧಾರಿಸುತ್ತಿದ್ದೆ. ಹುಡುಗಿಯರು ಊಟ ಮಾಡುತ್ತ ನಗುವುದನ್ನು ಮೇಲಿನಿಂದ ನೋಡುವುದೇ ನನಗೊಂದು ಸುಖ.

ಆ ಸುಖ ಬಹಳ ದಿನ ಉಳಿಯಲಿಲ್ಲ. ಯಾರೋ ಒಬ್ಬಳು ಕುರ್ಚಿ ಹತ್ತಿ ನನ್ನ ಬೆನ್ನಿನ ಗುಂಡಿ ಒತ್ತಿ, ಪಾಸ್‌ವರ್ಡ್ ಬದಲಿಸಿ, ಉಳಿದವರನ್ನೆಲ್ಲ ಹೊರಗಿಟ್ಟಳು. ಆಡಳಿತ ಮಂಡಳಿಯವರು ವಾರ್ಡನ್ ಇಂದುಮತಿ ಬೆಟಗೇರಿಯವರನ್ನು ಕರೆಸಿ, ಒಂದು ಪೆಟ್ಟಿಗೆ ಕಾಯುವುದಕ್ಕೂ ಆಗುವುದಿಲ್ಲವೇ ಎಂದು ಎಲ್ಲರೆದುರೇ ಕೇಳಿದರು. ಬೆಟಗೇರಿಯವರು ಮುಖ ಕೆಂಪಗೆ ಮಾಡಿಕೊಂಡು ಬಂದವರೇ ನನ್ನನ್ನು ಗೋಡೆಯಿಂದ ಕಿತ್ತು, ಆಫೀಸಿನ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಜಡಿದರು. ಕಪಾಟಿನ ಬೆನ್ನಿಗೆ ತೂತು ಕೊರೆದು ನನ್ನ ವೈರುಗಳನ್ನು ಒಳಗೆ ಎಳೆದರು.

ಒಂದು ಪಕ್ಕ ಫಿನೈಲ್ ಬಾಟಲಿ, ಇನ್ನೊಂದು ಪಕ್ಕ ಹಳೆಯ ಫೈಲುಗಳು, ಸುತ್ತ ಕತ್ತಲೆ. ನಾನು ಆಡಿದ ಮಾತು ಕಬ್ಬಿಣಕ್ಕೆ ಬಡಿದು ನನಗೇ ವಾಪಸು ಬರುತ್ತಿತ್ತು. ಬಾಗಿಲಿನ ಸಂದಿಯಿಂದ ಅಷ್ಟಿಷ್ಟು ಸೋರಿ ಹೋದದ್ದೇ ಹೊರಗಿನವರಿಗೆ ಸಿಕ್ಕಿದ್ದು. ದೂರದ ಕೋಣೆಗಳ ಫೋನುಗಳ ದನಿ ಗುಹೆಯ ಆಚೆಯಿಂದ ಕೇಳಿದಂತೆ ಕೇಳುತ್ತಿತ್ತು. ಅವಕ್ಕೆ ಒಂದೊಂದು ಮಾತನ್ನೂ ನಿಧಾನವಾಗಿ, ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು. ಅಷ್ಟರತನಕ ಉಳಿದವರೆಲ್ಲ ಸಾಲಿನಲ್ಲಿ ನಿಂತೇ ಇರಬೇಕು. ಮೈ ಕಾದು ಕೆಂಡವಾಗುತ್ತಿತ್ತು. ಕಪಾಟು ತೆರೆಯಿರಿ ಅನ್ನಲು ನನಗೆ ಭಾಷೆ ಎಲ್ಲಿಯದು?

ಎಲ್ಲಕ್ಕಿಂತ ಕಷ್ಟದ ಫೋನು ಹಿತ್ತಲ ಬದಿಯ ಕೊನೆಯ ಕೋಣೆಯದು. ಹಳೆಯದು, ದನಿ ಕ್ಷೀಣ. ಟವರ್ ಸಿಗದ ಆ ಕೋಣೆಯಿಂದ ಅದು ದಿನಾ ಸಂಜೆ ತಪ್ಪದೆ ಬರುತ್ತಿತ್ತು. ಬಂದು ವಿಡಿಯೊವನ್ನೇ ಕೇಳುತ್ತಿತ್ತು. ಹೊತ್ತು ಸಾಗಿಸುವುದು ನನ್ನ ಕೆಲಸ, ಬಿಚ್ಚಿ ನೋಡುವುದಲ್ಲ. ಹಾಗಾಗಿ ಅದು ಯಾರದೆಂದು ನನಗೆ ತಿಳಿದಿರಲಿಲ್ಲ. ಎಲ್ಲ ಹುಡುಗಿಯರ ದನಿಯೂ ಬಾಗಿಲ ಸಂದಿಯಿಂದ ನನಗೆ ಪರಿಚಯ. ಆ ಕೋಣೆಯವಳ ದನಿ ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಪರೀಕ್ಷೆಯ ಕಾಲ ಬಂತು. ಆಫೀಸಿನಲ್ಲಿ ಹುಡುಗಿಯರ ಗದ್ದಲವೆದ್ದಿತು.

"ಅಕ್ಕಾರ, ಒಂದು ಪಾಠನೂ ತೆರಿಯಂಗಿಲ್ರಿ. ಗಿರಗಿರ ತಿರಗಕೋತ ಕುಂದರತೈತಿ!"

ರಿಪೇರಿಯವನು ಬಂದ. ಬೆಟಗೇರಿಯವರು ಕಪಾಟಿನ ಕೀಲಿ ಕೊಡಲಿಲ್ಲ. "ಹೊರಗಿಂದನ ಏನ್ ನೋಡ್ತೀರಿ ನೋಡ್ರಿ" ಅಂದರು. ಅವನು ತನ್ನ ಲ್ಯಾಪ್‌ಟಾಪಿನಿಂದಲೇ ನನ್ನ ನಾಡಿ ಹಿಡಿದ.

"ಹಿಂದಿನ ಖೋಲಿಯೊಳಗ ಒಂದು ಹಳೇ ಫೋನ್ ಐತ್ರಿ. ಅದೊಂದಕ್ಕ ಉತ್ತರ ಕೊಡೂದ್ರಾಗ ಎಲ್ಲಾರ ಟೈಮ್ ಹೊಕ್ಕೈತಿ. ಅದನ್ನ ಬ್ಲಾಕ್ ಮಾಡಿದ್ರ ಉಳದವರಿಗೆ ಆರಾಮ ಆಗತೈತ್ರಿ."

"ಒಬ್ಬಾಕಿ ಸಲುವಾಗಿ ಎಲ್ಲಾರೂ ಯಾಕ ಕಷ್ಟ ಪಡಬೇಕು? ಮಾಡ್ರಿ."

ಅವನು ಹೇಳಿದ್ದು ಸುಳ್ಳಲ್ಲ. ಮರುಗಳಿಗೆಯಿಂದಲೇ ಎಲ್ಲರ ಕೆಲಸ ಸರಾಗವಾಯಿತು. ಹುಡುಗಿಯರು ಬಂದು ಥ್ಯಾಂಕ್ಸ್ ಹೇಳಿ ಹೋದರು. ಆ ಫೋನು ಮಾತ್ರ ಸಂಜೆಯಾದರೆ ಬಂದು ಬಾಗಿಲು ತಟ್ಟುತ್ತಿತ್ತು. ಪಾಸ್‌ವರ್ಡ್ ಸರಿಯಾಗಿಯೇ ಹೇಳುತ್ತಿತ್ತು. ಆಗುವುದಿಲ್ಲ ಅನ್ನುತ್ತಿದ್ದೆ. ಮತ್ತೆ ತಟ್ಟುತ್ತಿತ್ತು. ಬೀಗ ನನ್ನ ಹೊರಗೆ ಇದ್ದದ್ದು ಸಾಲದೆಂಬಂತೆ ಈಗ ನನ್ನ ಒಳಗೂ ಒಂದು ಬಿದ್ದಿತ್ತು.

ಒಂದು ಮಧ್ಯಾಹ್ನ ಶಾಹೀನ್ ಆಫೀಸಿಗೆ ನುಗ್ಗಿದಳು. ನರ್ಸಿಂಗ್ ಓದುವ ಹುಡುಗಿ. ಹಳ್ಳಿಯ ಆಸ್ಪತ್ರೆಗೆ ತರಬೇತಿಗೆ ಹೋಗಿದ್ದವಳು ಆಗಷ್ಟೇ ಮರಳಿದ್ದಳು.

"ಅಕ್ಕಾರ, ದಾನೇಶ್ವರಿ ಫೋನ್ ಬಂದ್ ಮಾಡಿಸೀರೇನ್ರಿ?"

"ಯಾಕಿ? ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗ್ತಾಳಲ್ಲ, ಆ ಕಿವಿ ಕೇಳದಾಕೀನಾ? ಆಕಿದು ಅಂತ ನನಗೇನ್ ಗೊತ್ತಿತ್ತವಾ. ಅಷ್ಟಕ್ಕೂ ಮಾತಾಡಾಕ ಬರದಾಕಿಗೆ ಫೋನ್ ಯಾಕ ಬೇಕು?"

"ಆಕಿ ಕೈಲೆ ಮಾತಾಡತಾಳ್ರಿ. ಅವರವ್ವಗೂ ಕೇಳಂಗಿಲ್ಲ. ಅವರಿಬ್ಬರಿಗೂ ವಿಡಿಯೊನ ಮಾತು, ಅದಕ್ಕ ಆಕಿಗೆ ಈ ವೈಫೈ ಒಂದ ಗತಿ. ನಾಳೆ ಅವರವ್ವನ ಕಣ್ಣಿನ ಆಪರೇಷನ್ ಐತಿ. ಇನ್ನೊಂದು ಕಣ್ಣು ಮೊದಲ ಮಬ್ಬು. ಪಟ್ಟಿ ಕಟ್ಟಿದ್ರ ಯಾರ ಕೈಮಾತೂ ಕಾಣಂಗಿಲ್ಲಲ್ರಿ? ಮಗಳು ಹೇಳೂತನಕ ಒಲ್ಲೆ ಅಂತ ಹಟ ಹಿಡದು ಕುಂತಾಳಂತ. ಅವರ ಚಿಗವ್ವ ನನಗ ಮೆಸೇಜ್ ಮಾಡ್ಯಾಳ."

ಬೆಟಗೇರಿಯವರ ಕುರ್ಚಿ ಕಿರುಗುಟ್ಟಿತು. ಅವರು ರಿಪೇರಿಯವನಿಗೆ ಫೋನು ಮಾಡಿ, ಅವನು ಹೇಳಿದಂತೆ ಒಂದೊಂದೇ ಒತ್ತುತ್ತ ನನ್ನ ಒಳಗಿನ ಬೀಗ ತೆಗೆದರು. ಆ ಹಳೆಯ ಫೋನು ಓಡಿ ಬಂತು. ನಾನೂ ಎರಡೂ ಕೈ ಚಾಚಿದೆ. ಆದರೆ ಕಬ್ಬಿಣ ಬಿಡಬೇಕಲ್ಲ.

ಸ್ವಲ್ಪ ಹೊತ್ತಿಗೆ ಶಾಹೀನ್ ಮತ್ತೆ ಬಂದಳು. "ಚಿತ್ರ ನಿಂತು ನಿಂತು ಬರಾಕತ್ತೈತ್ರಿ. ಅರ್ಧ ಕೈ ಎತ್ತಿದಲ್ಲೇ ಕಲ್ಲಾಗಿ ಬಿಡತಾಳ. ಅವ್ವಗ ಏನೂ ತಿಳಿವಲ್ಲದು. ಕಪಾಟು ತೆಗೀರಿ ಅಕ್ಕಾರ."

"ಮತ್ತ ಯಾರರ ಏನರ ಮಾಡಿದ್ರ? ಮಂಡಳಿಯವರು ನನ್ನನ್ನ ಕೇಳ್ತಾರವಾ. ಈ ಸಲ ಕೆಲಸದಿಂದನ ತೆಗೀತಾರ."

"ನಾವೆಲ್ಲಾ ಕಾಯ್ತೀವ್ರಿ."

ಕೀಲಿಗೊಂಚಲು ಖಣಖಣ ಎಂದಿತು. ಆಮೇಲೆ ಕೀಲಿ ತಿರುಗಿತು. ಬೆಳಕು ಮುಖಕ್ಕೆ ರಾಚಿತು. ಬೆಟಗೇರಿಯವರು ಸೆರಗಿನಿಂದ ನನ್ನ ಧೂಳು ಒರೆಸಿ, ವೈರು ಎಟುಕುವಷ್ಟು ಎಳೆದು, ಮೇಜಿನ ಮೇಲಿಟ್ಟರು. ಶಾಹೀನ್ ಊಟದ ಹಾಲಿಗೆ ಹೋಗಿ, ತುಸು ಹೊತ್ತು ಫೋನು ಪಕ್ಕಕ್ಕಿಡಿರೆಂದು ಕೇಳಿದಳು. ಕೆಲವರು ಗೊಣಗಿದರು. ಒಬ್ಬಳು ಫೋನಿನಲ್ಲೇ ಅಣಕು ಪರೀಕ್ಷೆ ಬರೆಯುತ್ತಿದ್ದಾಳೆಂದು ಅವಳನ್ನು ಬಿಟ್ಟರು. ಉಳಿದ ಫೋನುಗಳು ಒಂದೊಂದಾಗಿ ಸುಮ್ಮನಾದವು. ಕಾರ್ಖಾನೆಯ ಕೋಣೆ ಬಿಟ್ಟ ಮೇಲೆ ಅಂಥ ನಿಶ್ಶಬ್ದ ನಾನು ಕೇಳಿದ್ದು ಅದೇ ಮೊದಲು.

ದಾನೇಶ್ವರಿ ಬಂದು ನನ್ನ ಎದುರಿಗೆ ಕೂತಳು. ತೆಳ್ಳನೆಯ ಹುಡುಗಿ, ಬೆರಳ ತುದಿಯಲ್ಲಿ ಮುದ್ರಣದ ಮಸಿ. ಫೋನನ್ನು ಫೈಲಿಗೆ ಒರಗಿಸಿದಳು. ಅವಳ ಕೈ ಎದ್ದಿತು. ಎದೆ ಮುಟ್ಟಿತು, ಕಣ್ಣಿನ ಬಳಿ ಹೋಯಿತು, ಗಾಳಿಯಲ್ಲಿ ಏನನ್ನೋ ಕಟ್ಟಿತು, ಬಿಚ್ಚಿತು. ನಾನು ಒಂದು ಚೂರೂ ಚೆಲ್ಲದಂತೆ ಹೊತ್ತು ಸಾಗಿಸಿದೆ.

ಬೆಟಗೇರಿಯವರು ಮೆಲ್ಲಗೆ ಕೇಳಿದರು: "ಏನಂತಾಳ?"

ಕೈಮಾತು ಬಲ್ಲ ಶಾಹೀನ್ ಬಿಡಿಸಿ ಹೇಳಿದಳು. "ಪಟ್ಟಿ ಕಟ್ಟಿದ ಮ್ಯಾಲ ಅಂಗೈ ಮುಂದ ಹಿಡಕೋ, ನಾನು ಬಂದು ನಿನ್ನ ಅಂಗೈ ಮ್ಯಾಲ ಬರೀತೀನಿ ಅಂತಾಳ. ಅವ್ವ, ಬೇರೆ ಯಾರರ ಬರದ್ರ ನೀನ ಅಂತ ಹೆಂಗ ತಿಳೀಬೇಕು ಅಂತ ಕೇಳಾಕತ್ತಾಳ."

ದಾನೇಶ್ವರಿ ತನ್ನ ಅಂಗೈ ಮೇಲೆ ಬೆರಳಿನಿಂದ ಏನೋ ಗುರುತು ಗೀರಿ ತೋರಿಸಿದಳು. ಪರದೆಯ ಮೇಲಿನ ಹೆಂಗಸು ಒಮ್ಮೆಲೇ ನಕ್ಕಳು. ನಕ್ಕು, ಆಗಲಿ ಎಂದು ತಲೆಯಾಡಿಸಿದಳು.

"ನಾಳೆ ಮುಂಜಾನೆ ಮೊದಲ ಬಸ್ಸಿಗೆ ಹೋಗಂತ ಹೇಳವಾ ಆಕಿಗೆ" ಅಂದ ಬೆಟಗೇರಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಪರೇಷನ್ ಚೆನ್ನಾಗಿ ಆಯಿತು. ನನ್ನನ್ನು ನಡುವಿನ ಮೊಗಸಾಲೆಯ ಎತ್ತರದ ಗೋಡೆಗೆ ಏರಿಸಿದರು. ರಿಪೇರಿಯವನು ಹಿಂದಿನ ಸಾಲಿಗೆ ವೈರೆಳೆದು ನನ್ನಂಥದೇ ಇನ್ನೊಂದನ್ನು ಕೂರಿಸಿದ. ಎಲ್ಲರಿಗೂ ಸರಿಸಮನಾಗಿ ಸಮಯ ಹಂಚುವುದನ್ನು ನನಗೆ ಕಲಿಸಿದ. ನಿಧಾನದವರು ತಮ್ಮ ಪಾಲಿನಷ್ಟು ನಿಧಾನವಾಗಿ ಮಾತಾಡಬಹುದು; ಬೇರೆಯವರ ಪಾಲು ಕರಗುವುದಿಲ್ಲ. ಯಾರನ್ನೂ ಹೊರಗಿಡಬೇಕಾಗಲಿಲ್ಲ.

ಆಮೇಲೆ ಒಂದೇ ಉಸಿರಿನಲ್ಲಿ ಹಲವರಿಗೆ ಉತ್ತರ ಕೊಡಬಲ್ಲ ಹೊಸ ರೂಟರ್ ಬಂತು. ಹಳೆಯ ಸಾಮಾನಿನ ರಾಶಿಗೆ ಬಿದ್ದ ನನ್ನನ್ನು ದಾನೇಶ್ವರಿ ಕೇಳಿ ತೆಗೆದುಕೊಂಡು ಹೋದಳು. ಈಗ ಅವಳು ಕೆಲಸ ಮಾಡುವ ಪ್ರೆಸ್ಸಿನ ಮೂಲೆಯಲ್ಲಿದ್ದೇನೆ. ನನ್ನ ವೈಫೈ ಬಂದ್ ಮಾಡಿದ್ದಾರೆ. ಎರಡು ಕಂಪ್ಯೂಟರುಗಳ ನಡುವೆ ವೈರಿನಲ್ಲಿ ಪುಟಗಳನ್ನು ದಾಟಿಸುತ್ತೇನೆ. ಗಾಳಿಯಲ್ಲಿ ನೂರು ಮಾತು ಹರಿದಾಡುತ್ತಿರಬಹುದು. ನನಗೆ ಒಂದೂ ಕೇಳಿಸುವುದಿಲ್ಲ. ಈ ಸೆರೆಗೆ ಕೀಲಿ ಇಲ್ಲ.

ಮೊನ್ನೆ ಅವಳ ಅವ್ವ ದಪ್ಪ ಕನ್ನಡಕ ಹಾಕಿಕೊಂಡು ಪ್ರೆಸ್ಸಿಗೆ ಬಂದಿದ್ದಳು. ತಾಯಿ ಮಗಳು ಕಾಗದದ ಕಟ್ಟುಗಳ ಮೇಲೆ ಎದುರುಬದುರು ಕೂತು ಮಾತಾಡಿದರು, ಜಗಳಾಡಿದರು, ನಕ್ಕರು. ಮೊಳದಷ್ಟು ದೂರ ಅವರ ನಡುವೆ. ಸಾಗಿಸಲು ನನಗೇನೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಅವರಿಬ್ಬರೂ ಕೈಯಾಡಿಸುತ್ತಲೇ ಚಹಾಕ್ಕೆ ಹೊರಟುಹೋದರು.