ಸಾವಕಾರರ ಮನಸ್ಸು, ಮಜೂರಿಗೆ

ಮಲಕಾಜಪ್ಪ ಸಾವಕಾರರು ತಮ್ಮ ಮನಸ್ಸನ್ನು ನನಗೆ ಮಜೂರಿಗೆ ಕೊಟ್ಟದ್ದು ಬನಹಟ್ಟಿಯಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಇಲ್ಲಿ ಎಲ್ಲವೂ ಹಾಗೆಯೇ ನಡೆಯುತ್ತದೆ. ನೂಲು ಸಾವಕಾರರದು, ನೇಯುವವರು ನಾವು, ಸೀರೆ ಮತ್ತೆ ಸಾವಕಾರರದು.

ಅವರ ಮಗಳು ಉಜ್ವಲಾ ಫೋನಿನಲ್ಲಿ ಏನೋ ಕೋರ್ಸು ಮಾಡಿ ಟ್ಯಾರೋ ಕಾರ್ಡು ತರಿಸಿದ್ದಳು. ಮುಂಜಾನೆ ಎದ್ದು ಒಂದು ಕಾರ್ಡು ಎಳೆಯುವುದು, ಅದರ ಚಿತ್ರ ನೋಡುವುದು, ನೋಡಿ ಮನಸ್ಸಿಗೆ ಬಂದದ್ದನ್ನು ಡೈರಿಯಲ್ಲಿ ಬರೆಯುವುದು. ಭವಿಷ್ಯ ಹೇಳುವುದಲ್ಲವಂತೆ, ನಮ್ಮೊಳಗೆ ನಾವೇ ಇಣುಕುವುದಂತೆ. ಅಪ್ಪನ ಬಿಪಿ ಇಳಿಯಲಿ ಎಂದು ಅವರಿಗೂ ಕಲಿಸಿದಳು. ಸಾವಕಾರರು ಎಳೆದ ಕಾರ್ಡಿನಲ್ಲಿ ಒಬ್ಬ ಮನುಷ್ಯ ಒಂಟಿಗಾಲಲ್ಲಿ ತಲೆಕೆಳಗಾಗಿ ತೂಗುತ್ತಿದ್ದ. ಊಟದ ಹೊತ್ತಿನವರೆಗೂ ಅವನನ್ನೇ ನೋಡಿದರು. ಮನಸ್ಸಿಗೆ ಏನೂ ಬರಲಿಲ್ಲ. ಆಮೇಲೆ ನನ್ನನ್ನು ಮಗ್ಗದಿಂದ ಎಬ್ಬಿಸಿ ಕರೆಸಿದರು.

“ಮಾಂತ್ಯಾ, ನಿನ್ನ ಅಕ್ಷರ ದುಂಡಗ ಅದಾವಲ್ಲ?”

“ಎಂಟನೇದಕ್ಕ ಸಾಲಿ ಬಿಟ್ಟೇನ್ರಿ.”

“ಅಕ್ಷರಾ ಕೇಳಿದ್ನಿ, ಸಾಲಿ ಅಲ್ಲ. ಚಿತ್ರ ನಾ ಕೊಡ್ತೇನಿ, ಮನಸ್ಸಿನ್ಯಾಗಿಂದು ನೀ ತುಂಬು. ಹಾಸು ನಂದು, ಹೊಕ್ಕು ನಿಂದು. ಹಾಳಿಗಿಷ್ಟು ಅಂತ ಮಜೂರಿ.”

“ನಿಮ್ಮ ಮನಸ್ಸಿನ್ಯಾಗ ಏನೈತಿ ನನಗೇನ ಗೊತ್ತರಿ?”

“ನನಗರ ಏನ ಗೊತ್ತಲೇ? ಗೊತ್ತಿದ್ರ ನಿನ್ನ ಯಾಕ ಕರೀತಿದ್ನಿ?”

ಕಾರ್ಡು ಅವರ ಮುಖಕ್ಕೆ ಎಸೆದು ಬರಬೇಕೆನಿಸಿತು. ಆದರೂ ಒಪ್ಪಿಕೊಂಡೆ. ಶೆಡ್ಡಿನ ಮಗ್ಗಗಳನ್ನು ಗುಜರಿಗೆ ಹಾಕುವ ಮಾತು ಓಡಾಡುತ್ತಿತ್ತು. ಜಮಖಂಡಿಯ ಗುಜರಿ ವ್ಯಾಪಾರಿ ಬಾಳು ಬಂದು, ಕಲ್ಲಂಗಡಿ ಕೊಳ್ಳುವವನ ಹಾಗೆ ಒಂದೊಂದೇ ಮಗ್ಗ ತಟ್ಟಿ ನೋಡಿ ಹೋಗಿದ್ದ. ಮಗ್ಗ ಹೋದರೆ ನಾನೂ ಅವ್ವನೂ ಮುಧೋಳದ ಕಡೆ ಕಬ್ಬು ಕಡಿಯಲು ಹೋಗಬೇಕು, ನಮಗಿಬ್ಬರಿಗೂ ಕುಡಗೋಲು ಹಿಡಿಯಲು ಬರುವುದಿಲ್ಲ. “ಡೈರಿ ಏನ ಹೇಳ್ತೈತಿ ಹಂಗ ಮಾಡ್ತೇನಿ” ಎಂದು ಸಾವಕಾರರು ಎಲ್ಲರೆದುರು ಹೇಳಿಬಿಟ್ಟಿದ್ದರು. ಡೈರಿಯ ಪೆನ್ನು ನನ್ನ ಕೈಯಲ್ಲಿದ್ದ ಮೇಲೆ ಮಗ್ಗ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ.

ತಲೆಕೆಳಗಾದವನಿಗೆ ಬರೆದೆ: ‘ಮಂದಿಯ ಹೊಟ್ಟೆಯ ಮೇಲೆ ಕಾಲಿಟ್ಟು ನೆಟ್ಟಗೆ ನಿಂತಿದ್ದೇನೆ ಎಂದು ತಿಳಿದಿದ್ದೆ. ನಾಚಿಕೆಯಾಗುತ್ತದೆ.’

ಸಾವಕಾರರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚು ಸವರಿದರು. ಹೆಬ್ಬೆರಳಿನಿಂದ ತಿಕ್ಕಿದರು.

“ನಾಚಿಕಿ ತೆಳ್ಳಗಾಗೇತಿ. ಇಲ್ಲೊಂದ ಎಳಿ ಬಿಟ್ಟೇತಿ ನೋಡು. ಮಜೂರಿ ಮುರೀತೇನಿ.”

“ನಾಚಿಕಿ ನಿಮ್ಮದರಿ.”

“ನೇಯ್ದಾಂವ ನೀನು.”

ಮತ್ತೆ ಬರೆದೆ, ದಟ್ಟವಾಗಿ. ಸಿಡಿಲು ಬಡಿದ ಬುರುಜಿನ ಕಾರ್ಡು ಬಂದಾಗ ಶೆಡ್ಡಿನ ಸೋರುವ ತಗಡು ನೆನೆದು ಸಾವಕಾರರು ಮರುಗಿದರು. ಸೂರ್ಯನ ಕಾರ್ಡು ಬಂದಾಗ, ನೂಲಿನ ಧೂಳು ಕುಡಿದು ಕೆಮ್ಮುವ ನನ್ನ ಅವ್ವ ಮುತ್ತವ್ವನಿಗಾಗಿ ಅವರ ಕರುಳು ಕಿತ್ತು ಬಂತು. ಇದೆಲ್ಲ ಹಾಳೆಯಲ್ಲಿ. ತಗಡು ಸೋರುತ್ತಲೇ ಇತ್ತು, ಅವ್ವ ಕೆಮ್ಮುತ್ತಲೇ ಇದ್ದಳು. ಸಾವಕಾರರು ಮಾತ್ರ ಓದಿ ಓದಿ ಅತ್ತರು. ಬಿಪಿ ಇಳಿಯಿತು. “ಅಪ್ಪಾ, ಎಷ್ಟ ಬದಲಾಗೀರಿ ನೀವು” ಎಂದಳು ಉಜ್ವಲಾ. ರಬಕವಿಯ ಅರಿವೆ ವ್ಯಾಪಾರಿಯೊಬ್ಬ ಓದಿ ಹೊಟ್ಟೆಕಿಚ್ಚುಪಟ್ಟು, “ನನಗೂ ಇಂಥಾದ ಒಂದ ನೇಯಿಸಿ ಕೊಡ್ರಿ, ಬಣ್ಣ ಸ್ವಲ್ಪ ಗಾಢ ಇರ್ಲಿ” ಎಂದು ಹೋದ.

ಕಡೆಗೆ ಬರೆದೆ: ‘ಮಗ್ಗ ಮಾರುವುದಿಲ್ಲ. ಮಾರಿದರೆ ನಾನು ಮನುಷ್ಯನಲ್ಲ.’ ಸಾವಕಾರರು ಬೆಳಕಿಗೆ ಹಿಡಿದು ನೋಡಿದರು. ಒಂದು ಎಳೆಯೂ ಬಿಟ್ಟಿರಲಿಲ್ಲ.

ಮರುದಿನ ಶೆಡ್ಡಿನ ಮುಂದೆ ಬಾಳುವಿನ ಟೆಂಪೋ ನಿಂತಿತ್ತು. ಡೈರಿ ಹಿಡಿದು ಓಡಿದೆ.

“ಮಾರೂದಿಲ್ಲ ಅಂತ ಇಲ್ಲಿ ಐತೆಲ್ರಿ.”

“ಐತಿ. ಏನ ಛಂದ ಐತಿ. ಓದಿ ಕಣ್ತುಂಬ ನಿದ್ದಿ ಮಾಡೇನಿ.”

“ಮತ್ತ ಇದೇನ್ರಿ?”

“ಇದು ದಂಧೆ. ಆ ಮನಸ್ಸು ಬರೇ ನೋಡೇನಿ, ತೊಗೊಂಡಿಲ್ಲ.”

“ತೊಗೊಂಡಿಲ್ಲ ಅಂದ್ರ ವಾಪಸ್ ಮಾಲು ಏನ್ರಿ?”

“ವಾಪಸ್ ಮಾಲು ಅನಕೋ.”

ನಮ್ಮಲ್ಲೊಂದು ಪದ್ಧತಿಯಿದೆ. ಸಾವಕಾರ ಬೇಡವೆಂದ ಸೀರೆ ನೇಯ್ದವನ ಪಾಲು. ಉಟ್ಟುಕೊಳ್ಳಲಿ, ಹಾಸಿಕೊಳ್ಳಲಿ, ಯಾರೂ ಕೇಳುವ ಹಾಗಿಲ್ಲ. ನಾನು ಬರೆದ ಹಾಳೆಗಳನ್ನೆಲ್ಲ ಡೈರಿಯಿಂದ ಹರಿದು ಅಂಗಿಯೊಳಗೆ ಸೇರಿಸಿದೆ. ಸಾವಕಾರರು ಬಾಳುವಿನ ಮುಖ ನೋಡಿದರು.

“ಖರೆ ಐತ್ರಿ,” ಎಂದ ಬಾಳು. “ವಾಪಸ್ ಮಾಲು ನೇಯ್ದಾವಂದ. ಈಗ ಮಗ್ಗ ಎತ್ಲೋ ಬ್ಯಾಡೋರಿ?”

ಸಾವಕಾರರು ಉತ್ತರ ಹುಡುಕಲು ನನ್ನ ಕೈಯಿಂದ ಡೈರಿ ಇಸಿದುಕೊಂಡರು. ತೆರೆದು ನೋಡಿದರು. ರಟ್ಟೂ ಖಾಲಿ ಹಾಳೆಗಳೂ ಉಳಿದಿದ್ದವು.

“ತಡಿ, ನನಗೇನ ಅನಸ್ತೈತಿ ನೋಡ್ತೇನಿ.”

ಉಜ್ವಲಾ ಓಡಿಬಂದು ಕಾರ್ಡು ಎಳೆಸಿದಳು. ಗಂಟು ಹೊತ್ತವನೊಬ್ಬ ಬಂಡೆಯ ಅಂಚಿನಲ್ಲಿ ನಿಂತಿದ್ದ, ಕಾಲ ಬಳಿ ನಾಯಿ. ಸಾವಕಾರರು ನೋಡಿದರು. ನಾಯಿಯನ್ನೂ ನೋಡಿದರು. ಏನೂ ಬರಲಿಲ್ಲ. ಹೊತ್ತು ಏರಿತು, ಹೊತ್ತು ಇಳಿಯಿತು. ಟೆಂಪೋದ ನೆರಳಿನಲ್ಲಿ ಆಡುಗಳು ಬಂದು ಮಲಗಿದವು. “ನಿಮಗ ಅನಿಸಿದ ಮ್ಯಾಲೆ ಫೋನ್ ಹಚ್ಚರಿ” ಎಂದು ಬಾಳು ಖಾಲಿ ಗಾಡಿ ಹೊಡೆದುಕೊಂಡು ಹೋದ.

ಮನೆಯಲ್ಲಿ ಅವ್ವ ಹಾಳೆ ನೋಡಿದಳು. “ಏನಲೇ ಅದು?”

“ಸಾವಕಾರ್ರ ಮನಸ್ಸು.”

ಅಂಗೈಯಲ್ಲಿ ತೂಗಿ ನೋಡಿ, “ಇಷ್ಟ ಹಗರ ಐತೇನು?” ಎಂದು ಬುಟ್ಟಿಯ ರೊಟ್ಟಿಯ ಕೆಳಗೆ ಹಾಸಿದಳು.

ಮರುದಿನ ಬಿಸಿಲು ಏರುವ ಹೊತ್ತಿಗೆ ಸಾವಕಾರರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಕಾಲಿನ ಒಂದೊಂದು ಚಪ್ಪಲಿ ಒಂದೊಂದು ಜೋಡಿಯದು.

“ಮಾಂತೇಶಪ್ಪಾ, ಮುಂಜಾನಿಂದ ಚಾ ಬೇಕೋ ಬ್ಯಾಡೋ ತಿಳೀವಲ್ದು.”

“ಮಗ್ಗ ಹಚ್ಚರಿ. ಬೀಮಿಗೆ ಸುತ್ತಿದ ಹಾಸು ಪೂರಾ ನೇಯ್ದ ಮ್ಯಾಲೆ, ಬೀಮಿಗೊಂದ ಹಾಳಿ ಕೊಡ್ತೇನಿ.”

“ಚಾದ್ದು ಮೊದಲ ಕೊಡೋ.”

ಚಹದ ಬಗ್ಗೆ ನಾನು ಎಲ್ಲಿಯೂ ಬರೆದಿರಲಿಲ್ಲ. ಅವ್ವ ಕಪ್ಪು ತಂದು ಅವರ ಕೈಗಿಟ್ಟಳು. ಅವರು ಒಂದು ಗುಟುಕು ಕುಡಿದು ಅವಳ ಮುಖ ನೋಡುತ್ತ ಕುಳಿತರು.

“ಛಲೋ ಆಗೇತ್ರಿ,” ಎಂದಳು ಅವ್ವ.

“ಹೌದೇನ?” ಎಂದ ಸಾವಕಾರರು ಹಗುರಾಗಿ, ಉಳಿದ ಚಹವನ್ನೂ ಕುಡಿದರು. ಕಿಸೆಯಿಂದ ಶೆಡ್ಡಿನ ಕೀಲಿ ತೆಗೆದು ಅವ್ವನ ಮುಂದೆ ಇಟ್ಟು, ಹಾಳೆಗಾಗಿ ನನ್ನತ್ತ ಕೈ ಚಾಚಿದರು.

“ಮೊದಲ ಬೀಮು ಇಳೀಲಿ,” ಎಂದು ನಾನು ಕೀಲಿ ತೆಗೆದುಕೊಂಡು ಹೊರಟೆ.