ಎಕ್ಕೆಯ ಹಾಲು ಇಳಿಯುವ ತನಕ

ಇಪ್ಪತ್ತೊಂದು ಎಕ್ಕೆ ಎಲೆಗಳ ಹಾರವನ್ನು ಸ್ವಂತ ಕೈಯಿಂದ ಪೋಣಿಸಿ, ಹನ್ನೊಂದು ಶನಿವಾರ ಹಣಮಪ್ಪನಿಗೆ ಹಾಕುತ್ತೇನೆಂದು ನಮ್ಮ ಅತ್ತೆ ಸುಭದ್ರಾಬಾಯಿ ಹರಕೆ ಹೊತ್ತಿದ್ದರು. ನನ್ನ ಗಂಡ ಶರಣಕುಮಾರರ ಮುರಿದ ಕಾಲು ಕೂಡಿ, ಅವರು ಕೋಲಿಲ್ಲದೆ ನೆಲೋಗಿಯ ಬಸ್‌ಸ್ಟ್ಯಾಂಡಿನವರೆಗೆ ನಡೆದರೆ ತೀರಿಸುತ್ತೇನೆಂದು ಹೊತ್ತ ಹರಕೆ ಅದು; ಅವರು ನಡೆದರು. ಎಂಟು ಶನಿವಾರ ಸುಸೂತ್ರವಾಗಿ ಮುಗಿದವು. ಒಂಬತ್ತನೆಯ ಶನಿವಾರ, ಸೂಜಿ ಚುಚ್ಚುವಾಗ ಎಲೆಯ ಹಾಲು ಬೆರಳಿಗೆ ಅಂಟಿದ್ದನ್ನು ನೋಡದೆ ಅತ್ತೆ ಹಣೆಯ ಬೆವರು ಒರೆಸಿಕೊಂಡರು. ಹಾಲು ಬಲಗಣ್ಣಿಗೆ ಹೋಯಿತು. ಎಡಗಣ್ಣು ಅವರಿಗೆ ಮೊದಲಿನಿಂದಲೂ ಮಸುಕು.

ಜೇವರ್ಗಿಯ ಡಾಕ್ಟರು ಕಣ್ಣು ತೊಳೆದು ಹನಿ ಔಷಧ ಬರೆದುಕೊಟ್ಟರು. "ಈ ಸಲ ಉಳದೀರಿ. ಇನ್ನೊಮ್ಮಿ ಬಿದ್ರ ನಾ ಏನೂ ಹೇಳಾಕ ಆಗಂಗಿಲ್ರಿ" ಎಂದರು. ಬಸ್ಸಿನಲ್ಲಿ ಬರುವಾಗ ಅತ್ತೆ ನಿದ್ದೆ ಮಾಡಿದರು. ನಾನು ಆ ಮಾತನ್ನೇ ಹಿಡಿದುಕೊಂಡು ಕೂತೆ.

"ಹಾರ ಇನ್ನ ಮ್ಯಾಲ ನಾ ಪೋಣಸ್ತೇನ್ರೀ ಅತ್ತಿ."

"ಹರಕಿ ಯಾರ್ದು?"

"ಹಂಗಾದ್ರ ಕೈಗವಸರೆ ಹಾಕ್ಕೋರಿ."

"ದೇವರ ಮುಂದ ನನ್ನ ಕಂಪೌಂಡರ್ ಮಾಡ್ತೀ ಏನ್‌ಬೇ?"

ಎಲೆ ಹರಿದು ತರುವುದನ್ನು ಮಾತ್ರ ನನಗೆ ಬಿಟ್ಟರು. ಅದಕ್ಕೂ ಕಟ್ಟಳೆಯಿತ್ತು. ಎಲೆಯನ್ನು ಶನಿವಾರ ಬೆಳಿಗ್ಗೆಯೇ ಹರಿಯಬೇಕು, ಹುಳ ಬಾಯಿ ಹಾಕಿದ್ದಿರಬಾರದು. ಎಲೆ ತೊಳೆದರೆ ಮೇಲಿನ ಹಾಲು ಹೋಗುತ್ತಿತ್ತು. ಸೂಜಿ ಇಳಿದ ಕೂಡಲೇ ಒಳಗಿನದು ಬರುತ್ತಿತ್ತು.

ಗಿಡ ಇರುವುದು ಪಕ್ಕದ ಮನೆಯ ಖಾಸೀಂಬಿಯ ಗೋಡೆಯ ಹಿಂದೆ. ಬುಧವಾರ ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು, ಅಷ್ಟು ಒಳ್ಳೆಯ ಎಲೆಗಳು ಸಿಗುತ್ತವೋ ಇಲ್ಲವೋ ಎಂದು ನೋಡಲು ಹೋದೆ. ಮಳೆ ಬಿದ್ದಾಗಿನಿಂದ ಗಿಡದ ಮೇಲೆ ಹೊಳೆಯುವ ನೀಲಿ ಹುಳಗಳು ಬಂದಿದ್ದವು. ಒಂದೊಂದೂ ಅಲಸಂದಿ ಕಾಳಿನಷ್ಟು. ಅಲ್ಲೇ ಕಟ್ಟಿದ ಖಾಸೀಂಬಿಯ ಆಡುಗಳು ಎಕ್ಕೆಯನ್ನು ಮೂಸಿ ಮುಖ ತಿರುಗಿಸುತ್ತವೆ. ಈ ಹುಳಗಳಿಗೆ ಅದೇ ಊಟ.

ಒಂದು ಹುಳ ಎಲೆಯ ಬೆನ್ನಿಗೆ ಅಂಟಿಕೊಂಡಿತ್ತು. ತಿನ್ನುತ್ತಿರಲಿಲ್ಲ. ನಡುವಿನ ದಪ್ಪ ನರವನ್ನು ಒಂದೇ ಕಡೆ ಕಡಿಯುತ್ತಿತ್ತು. ಹಾಲು ಉಕ್ಕಿತು. ಹುಳ ಹಿಂದೆ ಸರಿಯಿತು, ಬಾಯಿಯನ್ನು ಎಲೆಗೆ ಒರೆಸಿಕೊಂಡಿತು, ಸುಮ್ಮನೆ ನಿಂತಿತು. ಹಾಲು ತೊಟ್ಟಿಕ್ಕುವುದು ಪೂರ್ತಿ ನಿಂತ ಮೇಲೆ, ಕಡಿದ ಜಾಗವನ್ನು ದಾಟಿ ತುದಿಯ ಕಡೆಗೆ ಹೋಗಿ ತಿನ್ನತೊಡಗಿತು.

"ಏನ್ ಟೀಚರಬಾಯಿ, ಹುಳದ ಹಾಜರಿ ತಗೋಳಾಕತ್ತೀರೇನ್ರಿ?" ಗೋಡೆಯ ಮೇಲಿಂದ ಖಾಸೀಂಬಿ ಕೇಳಿದಳು.

"ಹಾಲು ಇಳಿಯೂತನಕ ಹೆಂಗ ಕಾಯ್ತದ ನೋಡ್ರಿ."

"ಕಾಯಲಾರದೇ ಏನ್ ಮಾಡ್ತದ್ರಿ? ಬಾಯಿ ಅಂಟ್ಕೊಂಡ್ರ ಯಾವ ದವಾಖಾನಿಗಿ ಹೋಗಬೇಕದು?"

ಸೆರಗಿನ ಪಿನ್ನು ತೆಗೆದು ಆ ಎಲೆಯ ತುದಿಯ ಕಡೆ ಚುಚ್ಚಿದೆ. ಒಣಗಿತ್ತು. ಬುಡದ ಕಡೆ ಚುಚ್ಚಿದೆ. ಬಿಳಿ ಹನಿ ಬಂತು.

ಶುಕ್ರವಾರ ಸಂಜೆ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬ್ಲೇಡಿನಿಂದ ಇಪ್ಪತ್ತೊಂದು ಎಲೆಗಳ ನರವನ್ನು ತೊಟ್ಟಿನ ಹತ್ತಿರ ಕೊಯ್ದೆ. ಎಲೆಗಳು ಗಿಡದಲ್ಲೇ ಉಳಿದವು, ಹಾಗಾಗಿ ಹರಿಯುವುದು ಶನಿವಾರವೇ. ಆದರೆ ಹುಳ ಮುಟ್ಟಿದ ಎಲೆಯನ್ನೇ ಒಲ್ಲೆನೆನ್ನುವವರಿಗೆ ನಾನು ಕೊಯ್ದ ಎಲೆ ಕೊಡುವುದು ಸರಿಯೇ? ಹೇಳಿಬಿಡಬೇಕು ಎಂದುಕೊಂಡೆ. ಊಟಕ್ಕೆ ಕೂತಾಗಲೂ ಹೇಳಲಿಲ್ಲ.

ಬೆಳಿಗ್ಗೆ ಅತ್ತೆ ತಟ್ಟೆಯಿಂದ ಮೊದಲ ಎಲೆ ಎತ್ತಿ ಕಣ್ಣಿನ ಹತ್ತಿರ ಹಿಡಿದರು. "ಇದಕ್ಕ ಹುಳ ಹತ್ತ್ಯದ." ಬದಿಗಿಟ್ಟರು. ಎರಡನೆಯದನ್ನು ನೋಡಿದರು. ಮೂರನೆಯದನ್ನು. ನಾಲ್ಕನೆಯದನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಈ ಹುಳದ ಕೈಯಾಗ ಬ್ಲೇಡ್ ಎಲ್ಲಿಂದ ಬಂತ್ ಭಾಗ್ಯಾ?"

ಎಲ್ಲವನ್ನೂ ಹೇಳಿದೆ. ಹುಳ ಕಾದದ್ದು, ಪಿನ್ನು ಚುಚ್ಚಿದ್ದು, ಡಾಕ್ಟರ ಮಾತು ನನ್ನ ತಲೆಯಿಂದ ಹೋಗದಿದ್ದದ್ದು.

"ಗಾಯಾದ ಎಲಿ ದೇವರಿಗಿ ಹೆಂಗ ಹಾಕಲಿ?"

"ಸೂಜಿ ಚುಚ್ಚಿದ್ರನೂ ಗಾಯಾನೇ ಅಲ್ಲೇನ್ರಿ?" ಯೋಚಿಸದೆ ಆಡಿದ ಮಾತು.

ಅತ್ತೆ ಸೂಜಿ ಎತ್ತಿಕೊಂಡರು. ಕೊಯ್ದ ಗೆರೆಯ ಒತ್ತಿಗೇ ಚುಚ್ಚಿ, ದಾರ ಎಳೆದು, ಬೆರಳಿನಿಂದ ಒತ್ತಿ ನೋಡಿದರು. ಬೆರಳು ಒಣಗಿಯೇ ಇತ್ತು. ದಾರದ ಗಂಟಿನಡಿ ಗೆರೆ ಮುಚ್ಚಿಹೋಯಿತು.

"ನಾ ಚುಚ್ಚೂ ಜಾಗದಾಗ ನೀ ಕೊಯ್ದೀದಿ. ಅಷ್ಟೇ ಹೌದಲ್ಲ?"

"ಅಷ್ಟೇ ರೀ."

"ಮತ್ತ ನಿನ್ನೀನೇ ಹೇಳಾಕ ಏನಾಗಿತ್ತು? ನಾ ಏನ್ ನಿನ್ನ ತಿಂತಿದ್ನೇನು?" ಬದಿಗಿಟ್ಟ ಎಲೆಗಳನ್ನು ಮತ್ತೆ ತಟ್ಟೆಗೆ ಹಾಕಿದರು.

ಹದಿನಾರನೆಯ ಎಲೆಯಲ್ಲಿ ಬ್ಲೇಡು ಆಳಕ್ಕೆ ಇಳಿದಿರಲಿಲ್ಲವೇನೋ, ಸೂಜಿಯ ಬುಡದಲ್ಲಿ ಬಿಳಿ ಹನಿ ಮೂಡಿತು. ಅದೇ ಹೊತ್ತಿಗೆ ಅತ್ತೆಯ ಹಣೆಯಿಂದ ಬೆವರು ಹುಬ್ಬಿಗೆ ಇಳಿಯುತ್ತಿತ್ತು. ಅವರ ಕೈ ಮೇಲೆದ್ದಿತು. ಕೈ ಅರ್ಧಕ್ಕೆ ನಿಂತಿತು. ಅತ್ತೆ ಎರಡೂ ಕೈಗಳನ್ನು ಮುಖದಿಂದ ದೂರ ಚಾಚಿ, ಎಲೆಯನ್ನು ತಟ್ಟೆಯ ಮೇಲೆ ಓರೆಯಾಗಿ ಹಿಡಿದರು.

"ನೋಡ್ಕೋತ ಏನ್ ನಿಂತಿ? ಬೆವರು ಒರಸು."

ಸೆರಗಿನಿಂದ ಒರೆಸಿದೆ. ಹಾಲು ಒಂದೊಂದೇ ಹನಿಯಾಗಿ ತಟ್ಟೆಗೆ ಇಳಿಯಿತು. ಅದು ನಿಲ್ಲುವ ತನಕ ಅತ್ತೆ ಕೈ ಅಲ್ಲಾಡಿಸಲಿಲ್ಲ.