ರೊಟ್ಟಿ ಕದ್ದ ನಾಯಿಯ ಪಾಠ

ಚಹಾದ ಡಬ್ಬಿ ಇನ್ನೂ ಬೆಂಕಿಯ ಮೇಲಿತ್ತು. ಶಾಲೆಯ ಕಡೆಯಿಂದ ಆ ದನಿ ಬಂತು. ನಂಗಾಲ ಮುದುಕಿಯ ಕೈಯಲ್ಲಿದ್ದ ಕಡ್ಡಿ ಜಾರಿ ಕೆಂಪು ಮಣ್ಣಿಗೆ ಬಿತ್ತು.

ಅದು ಅವಳ ಮಗಳ ದನಿ. ಮಗಳು ತೀರಿಹೋಗಿ ಎರಡು ಬೇಸಿಗೆ ಕಳೆದಿದ್ದವು. ಅವಳ ಹೆಸರನ್ನು ಆಸ್ಟ್ರೇಲಿಯಾದ ಮೂಲನಿವಾಸಿಗಳ ಆ ಊರಿನಲ್ಲಿ ಯಾರೂ ಎತ್ತುವುದಿಲ್ಲ. ಇಲ್ಲೂ ಎತ್ತುವುದು ಬೇಡ. ಸತ್ತವರ ಹೆಸರು, ಮುಖ, ದನಿ ಎಲ್ಲವನ್ನೂ ಮುಚ್ಚಿಡಬೇಕು, ಮನೆಯವರು ತೆರೆಯಿರಿ ಅನ್ನುವ ತನಕ. ಪುಟ್ಟ ಮಕ್ಕಳು ತಮ್ಮ ಮಾತಿನಲ್ಲೇ ಓದು ಕಲಿಯಲೆಂದು ಶಾಲೆಯ ಟ್ಯಾಬ್ಲೆಟ್‌ಗಳಿಗೆ ಕಥೆ ಹೇಳಿ ರೆಕಾರ್ಡ್ ಮಾಡಿಸಿದ್ದವಳು ಆ ಮಗಳೇ. ಅವಳು ಹೋದ ದಿನವೇ ಅವನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದರು. ಅಂದಿನಿಂದ ಮಕ್ಕಳಿಗೆ ಇಂಗ್ಲಿಷ್ ಕಥೆಗಳೇ ಗತಿ, ಹಿಮದ ಗೊಂಬೆ, ರೈಲುಗಾಡಿ, ಯಾರೂ ಕಂಡಿರದ ಸಾಮಾನು. ಸಾಕಿನ್ನು, ತೆರೆಯೋಣ ಎಂದು ನೆಂಟರೆಲ್ಲ ಹೇಳಿಯಾಗಿತ್ತು. ಹೆತ್ತವಳೊಬ್ಬಳು ಹೇಳಬೇಕಿತ್ತು. ಅವಳು ಹೇಳಿರಲಿಲ್ಲ.

ನಂಗಾಲ ಶಾಲೆ ಮುಟ್ಟುವಷ್ಟರಲ್ಲಿ ದನಿ ನಿಂತು ಹೆಂಗಸರ ಗೋಳು ಎದ್ದಿತ್ತು. ಅಡಿಲೇಡಿನಿಂದ ಹೊಸದಾಗಿ ಬಂದಿದ್ದ ಬ್ರಾನ್‌ವಿನ್ ಮಿಸ್ ಗೋಡೆಗೆ ಒರಗಿ ಬಿಳುಚಿಕೊಂಡಿದ್ದಳು. ಬೀರುವಿನ ಹಿಂದಿನ ಸಂದಿಗೆ ಬಿದ್ದು ಉಳಿದಿದ್ದ ಟ್ಯಾಬ್ಲೆಟ್ ಒಂದು ಅವಳ ಕೈಗೆ ಸಿಕ್ಕಿತ್ತು. ಮಕ್ಕಳಿಗೆ ಖುಷಿಯಾಗಲಿ ಎಂದು ದೊಡ್ಡ ಸ್ಪೀಕರಿಗೇ ಹಚ್ಚಿಬಿಟ್ಟಿದ್ದಳು. ದೊಡ್ಡ ಮಕ್ಕಳು ಹೆದರಿ ಓಡಿದ್ದರು, ಚಿಕ್ಕವು ಅವರ ಹಿಂದೆ. ಚಾಪೆಯ ಮೇಲೆ ಒಬ್ಬಳೇ ಕೂತಿದ್ದಳು, ಸತ್ತವಳ ಐದು ವರ್ಷದ ಮಗಳು ಡೆಲ್ವೀನ್.

"ನಿಂಗೇನು ಕಿವಿ ಕೇಳ್ಸಲ್ವೇನೇ, ಓಡಬಾರ್ದಾ?" ಎಂದು ಗದರಿದಳು ಸಹಾಯಕ ಟೀಚರ್ ಮೇವಿಸ್.

"ನಾಯಿ ರೊಟ್ಟಿ ಕಚ್ಕೊಂಡು ಓಡ್ತಾ ಇತ್ತು," ಅಂದಳು ಡೆಲ್ವೀನ್. "ಯಾಕೆ ನಿಲ್ಸಿದ್ರಿ?"

ಮಧ್ಯಾಹ್ನ ಮೇವಿಸ್, ಮಿಸ್ಸನ್ನು ನಂಗಾಲ ಕೂತಿದ್ದ ಮರದ ನೆರಳಿಗೆ ಕರೆತಂದಳು.

"ನನ್ನಿಂದ ತಪ್ಪಾಯ್ತು," ಮಿಸ್ ನಿಂತೇ ಶುರುಮಾಡಿದಳು. "ನೀವು ಹ್ಞೂಂ ಅನ್ನಿ, ಎಲ್ಲಾ ಅಳಿಸಿ ಹಾಕ್ತೀನಿ. ಒಂದೂ ಉಳಿಯಲ್ಲ. ಬೇರೆ ಯಾರ ಹತ್ರನಾದ್ರೂ ಹೊಸದಾಗಿ ಹೇಳಿಸೋಣ."

"ಮೊದ್ಲು ಕೂತ್ಕೊಳೇ ತಾಯಿ," ಅಂದಳು ಮೇವಿಸ್. "ನಿಮ್ಮೂರಲ್ಲಿ ಕೂತ್ಕೊಳೋದು ಕಲ್ಸಲ್ವಾ? ಅಯ್ಯೋ, ಅಲ್ಲಲ್ಲ, ಅದು ಇರುವೆ ಗೂಡು!"

ನಂಗಾಲ ನಗಲಿಲ್ಲ. ಅಳಿಸುವುದು ಅನ್ನುವ ಮಾತು ಎದೆಗೆ ಬಂದು ಕೂತಿತ್ತು. ಬೀಗ ಹಾಕಿದ ಬೀರುವಿನಲ್ಲಾದರೂ ಮಗಳು ಇದ್ದಳು. ಅಲ್ಲಿಂದಲೂ ಇಲ್ಲವಾಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕೈಸನ್ನೆ ಮಾಡಿದಳು. ಊರಿನ ಪದ್ಧತಿಯಂತೆ ಸತ್ತ ಮಗಳಿಗಾಗಿ ಮಾತು ಬಿಟ್ಟು ಕೂತ ದಿನಗಳು ಮುಗಿದು ಉಳಿದ ಹೆಂಗಸರೆಲ್ಲ ಮಾತಿಗೆ ಮರಳಿದ್ದರು. ಇವಳ ಮಾತು ಮೊಮ್ಮಗಳ ಹತ್ತಿರ ಮಾತ್ರ ಮರಳಿತ್ತು.

ಸಂಜೆ ನಂಗಾಲ ರೊಟ್ಟಿಗೆ ಹಿಟ್ಟು ತಟ್ಟಿ ಬಿಸಿ ಬೂದಿಯಲ್ಲಿ ಹೂಳುವಾಗ ಡೆಲ್ವೀನ್ ಬಂದು ಆತುಕೊಂಡಳು. ಅವರ ಮಾತಿನಲ್ಲಿ ಅಜ್ಜಿ ಅಂದರೆ ಜಾಜಾ.

"ಜಾಜಾ, ಆ ನಾಯಿಗೆ ಆಮೇಲೆ ಏನಾಯ್ತು?"

ನಂಗಾಲ ಬೆರಳಿನಿಂದ ಮಣ್ಣಿನಲ್ಲಿ ಬೆಂಕಿ ಬರೆದಳು, ರೊಟ್ಟಿ ಬರೆದಳು, ನಾಯಿಯ ಹೆಜ್ಜೆ ಒತ್ತಿದಳು. "ರೊಟ್ಟಿ ಕೆಂಡದ ಹಾಗಿತ್ತು. ನಾಯಿ ಬಾಯಿ ಸುಟ್ಕೊಳ್ತು. ಅಷ್ಟೇ."

"ಹಂಗಲ್ಲ! ಆ ಪೆಟ್ಟಿಗೆ ಒಳಗಿನ ಅಕ್ಕ ನಗ್ತಾ ನಗ್ತಾ ಹೇಳ್ತಿದ್ಲು. ನಿಂಗೆ ಬರಲ್ಲ ಬಿಡು." ಮಗು ಮತ್ತೆ ಕೇಳಿತು, "ಯಾರು ಜಾಜಾ ಅವ್ಳು?"

ಮಣ್ಣಿನ ಮೇಲೆ ಬೆರಳು ಅಲ್ಲೇ ನಿಂತಿತು.

"ನಿನ್ನಮ್ಮ."

ಡೆಲ್ವೀನ್ ಬೂದಿಯನ್ನೇ ನೋಡುತ್ತ ಯೋಚಿಸಿದಳು. "ಹಂಗಾದ್ರೆ ನಾಳೆ ಪೂರ್ತಿ ಹೇಳ್ತಾಳಾ?"

ಮರುದಿನ ನಂಗಾಲ ಶಾಲೆಯ ಬಾಗಿಲಲ್ಲಿ ನಿಂತು, ಮುಷ್ಟಿ ಹಿಡಿದ ಕೈಯನ್ನು ಮೆಲ್ಲಗೆ ಬಿಚ್ಚಿ ತೋರಿಸಿದಳು.

"ತೆರೀಲಾ?" ಮೇವಿಸ್ ಬೀಗದ ಕೈ ಹಿಡಿದು ಕೇಳಿದಳು. "ನೋಡೇ, ಆಮೇಲೆ ನನ್ನ ಬೈಬೇಡ."

ಕೈ ಬಿಚ್ಚಿಯೇ ಇತ್ತು. ಯಾರೂ ಬೆಚ್ಚಿಬೀಳದಿರಲೆಂದು ಮೇವಿಸ್ ಮನೆಮನೆಗೂ ಹೋಗಿ ಹೇಳಿಬಂದಳು. ಆಮೇಲೆ ಬೀಗ ತೆಗೆದರು. ಈ ಸಲ ಸ್ಪೀಕರ್ ಇಲ್ಲ. ಮಿಸ್ ಒಂದೊಂದು ಮಗುವಿಗೂ ಹೆಡ್‌ಫೋನ್ ತೊಡಿಸಿದಳು.

ನಂಗಾಲ ಹೊಸ್ತಿಲ ಹೊರಗೆ ಕೂತಳು. ಕೋಣೆ ತುಂಬ ಮಕ್ಕಳು, ಅವರೆಲ್ಲರ ಕಿವಿಯಲ್ಲಿ ಅವಳ ಮಗಳು. ಅವಳಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಕಿವಿ ಮುಚ್ಚಿದ್ದರಿಂದ ಮಕ್ಕಳು ತಮಗೆ ಗೊತ್ತಿಲ್ಲದೆ ಕಿರುಚಿ ಓದುತ್ತಿದ್ದರು: "ಬಿಡೋ ನಾಯಿ! ರೊಟ್ಟಿ ಬಿಡೋ!" ನಾಯಿ ಬಾಯಿ ಸುಟ್ಟುಕೊಳ್ಳುವ ಮೊದಲೇ ಡೆಲ್ವೀನ್ ಫಕ್ಕನೆ ನಕ್ಕಳು. ಮಗಳೂ ಅಷ್ಟೆ, ಯಾವ ಕಥೆಯಾದರೂ ಮುಗಿಯುವ ಮೊದಲೇ ನಕ್ಕು ಕೆಡಿಸುತ್ತಿದ್ದಳು.

ಕಥೆ ಮುಗಿಸಿ ಮಗು ಓಡಿಬಂತು, ಹೆಡ್‌ಫೋನ್ ಟ್ಯಾಬ್ಲೆಟ್ ಎರಡನ್ನೂ ಅಜ್ಜಿಯ ಮಡಿಲಿಗೆ ಹಾಕಿತು. "ಮೊದ್ಲಿಂದ ಹಾಕಿದೀನಿ. ಕೇಳ್ಕೋ ಜಾಜಾ, ನಿಂಗೂ ಹೇಳಕ್ಕೆ ಬರುತ್ತೆ." ಮತ್ತೆ ಆಟಕ್ಕೆ ಓಡಿಹೋಯಿತು.

ಮಡಿಲಿನಲ್ಲಿ ನೊಣದ ಗುಂಯ್‌ಗುಡುವಿಕೆಯಷ್ಟು ಸಣ್ಣ ಸದ್ದು. ನಂಗಾಲ ಎರಡೂ ಅಂಗೈಯಿಂದ ಅದನ್ನು ಮುಚ್ಚಿ ಹಿಡಿದಳು. ಮಗುವಿನ ಕಿವಿಯ ಬಿಸಿ ಇನ್ನೂ ಅದರಲ್ಲಿತ್ತು. ಕಿವಿಗೆ ಏರಿಸಿಕೊಳ್ಳಲಿಲ್ಲ. ಕೆಳಗೂ ಇಡಲಿಲ್ಲ.